ಮೊದಲು ಚರ್ಮ, ಆಮೇಲೆ ಮೂಳೆ

ಒಮಾನ್‌ನ ರಾಜಧಾನಿ ಮಸ್ಕತ್‌ನಿಂದ ಕಡಲಂಚಿನ ರಸ್ತೆ ಹಿಡಿದು ಸುಮಾರು 200 ಕಿಲೋಮೀಟರ್ ಹೋದರೆ ಸೂರ್ ಅಂತ ಊರು ಸಿಗುತ್ತದೆ. ಈ ವರ್ಷ ನನ್ನ ಶನಿವಾರಗಳೆಲ್ಲ ಅಲ್ಲೇ ಕಳೆದವು. ಅಲ್ಲಿ ಮರದ ಹಾಯಿಹಡಗನ್ನು ಇವತ್ತಿಗೂ ಕೈಯಲ್ಲೇ ಕಟ್ಟುತ್ತಾರೆ. ಸುಮ್ನೆ ನೋಡೋಣ ಅಂತ ಹೋದವನು ಹೋಗುತ್ತಲೇ ಇದ್ದೇನೆ.

ಮೊದಲ ದಿನ ನನಗೆ ಅರ್ಥವಾಗದೆ ಹೋದದ್ದು ಕೆಲಸದ ಕ್ರಮ. ಮನೆ ಕಟ್ಟುವಾಗ ಕಂಬ ಮೊದಲು, ಗೋಡೆ ಆಮೇಲೆ, ಅಲ್ವಾ? ಇಲ್ಲಿ ಉಲ್ಟಾ. ತಳದ ಉದ್ದನೆ ದಿಮ್ಮಿ ಇಟ್ಟು, ಹಿಂದೆ ಮುಂದೆ ಒಂದೊಂದು ಮರ ನಿಲ್ಲಿಸಿ, ನೇರವಾಗಿ ಹಲಗೆ ಜೋಡಿಸಲು ಶುರು ಮಾಡುತ್ತಾರೆ. ಹೊರಮೈ ಒಂದು ಮಟ್ಟಕ್ಕೆ ಬಂದ ಮೇಲೇ ಒಳಗೆ ಪಕ್ಕೆಲುಬು ಕೂರಿಸುವುದು. ಕಾಗದದ ಮೇಲೆ ನಕ್ಷೆ ಇಲ್ಲ. ಉಸ್ತಾದ್, ಅಂದರೆ ಹಿರಿಯ ಬಡಗಿ, ಇಪ್ಪತ್ತು ಹೆಜ್ಜೆ ದೂರ ನಿಂತು, ಒಂದು ಕಣ್ಣು ಮುಚ್ಚಿ, ಕೈ ಸ್ವಲ್ಪ ಮೇಲೆತ್ತುತ್ತಾರೆ. ಆ ಕಡೆ ಹುಡುಗ ಹಲಗೆಯ ತುದಿಯನ್ನು ಒಂದು ಬೆರಳಿನಷ್ಟು ಎತ್ತುತ್ತಾನೆ. ಮತ್ತೆ ನೋಡುತ್ತಾರೆ. ಒಂದೇ ಹಲಗೆಗೆ ಅರ್ಧ ದಿನ ಹೋದದ್ದೂ ಉಂಟು.

ಪಕ್ಕೆಲುಬಿನ ಮರ ಆರಿಸುವುದನ್ನು ನೋಡಬೇಕು ನೀವು. ಹುಟ್ಟಿನಿಂದಲೇ ಬಾಗಿ ಬೆಳೆದ ಜಾಲಿಯ ಕೊಂಬೆಗಳ ರಾಶಿಯಿಂದ, ಹಡಗಿನ ಆ ಜಾಗದ ಬಾಗಿಗೆ ಹೊಂದುವುದನ್ನೇ ಹುಡುಕಿ ತೆಗೆದು ಬಾಚಿಯಿಂದ ಕೆತ್ತುತ್ತಾರೆ. ನೇರ ಮರವನ್ನು ಬಾಗಿಗೆ ಕೊಯ್ದರೆ ಎಳೆ ತುಂಡಾಗಿ, ದೊಡ್ಡ ಅಲೆ ಹೊಡೆದಾಗ ಅಲ್ಲೇ ಸೀಳುತ್ತದೆ. ಡೊಂಕು ಮರಕ್ಕೆ ಇಷ್ಟು ಬೆಲೆ ಇರುವ ಜಾಗವನ್ನು ನಾನು ಬೇರೆಲ್ಲೂ ಕಂಡಿಲ್ಲ. ಹೊರಮೈಗೆ ಮಾತ್ರ ಸಾಗುವಾನಿ, ಅದು ಹಿಂದಿನಿಂದಲೂ ನಮ್ಮ ಮಲಬಾರ್ ಕಡೆಯಿಂದ ಬರುತ್ತಿದ್ದದ್ದು.

ಮೊಳೆ ಬರುವ ಮುಂಚೆ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು. ಹೌದು, ಹೊಲಿಗೆಯೇ. ಮರಳಿಗೆ ಬಡಿದರೆ ಮೊಳೆಯ ಹಡಗು ಬಿರುಕು ಬಿಡುತ್ತದೆ, ಹೊಲಿದದ್ದು ಸ್ವಲ್ಪ ಬಳುಕಿ ತಾಳಿಕೊಳ್ಳುತ್ತದೆ. 1980ರಲ್ಲಿ ಇದೇ ಸೂರ್‌ನಲ್ಲಿ ಸೋಹಾರ್ ಎಂಬ ಹಡಗನ್ನು ಹಾಗೇ ಕಟ್ಟಿದರು. ಹಲಗೆ ಹೊಲಿಯಲು ಲಕ್ಷದ್ವೀಪದಿಂದ ಜನ ಬಂದಿದ್ದರು. ಅದು ಮಸ್ಕತ್‌ನಿಂದ ಹಾಯಿ ಬಿಚ್ಚಿ ಹೊರಟು 1981ರಲ್ಲಿ ಚೀನಾದ ಗುವಾಂಗ್‌ಝೌ ಮುಟ್ಟಿತು. ಆ ದೂರ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಎರಡು ತಿಂಗಳಾದ ಮೇಲೆ ನನಗೂ ಕೆಲಸ ಕೊಟ್ಟರು. ಎಣ್ಣೆಯಲ್ಲಿ ನೆನೆಸಿದ ಹತ್ತಿಯನ್ನು ಹೊಸೆದು ಹಲಗೆಗಳ ಸಂದಿಗೆ ಮೊಂಡು ಉಳಿಯಿಂದ ತುರುಕುವುದು. ನೀರು ತಡೆಯುವುದು ಇದೇ. ಒಂದು ಮಾರು ಉದ್ದ ಮಾಡಿ ಮುಗಿಸಿದೆ. ಪಕ್ಕದಲ್ಲಿದ್ದ ವಯಸ್ಸಾದ ಬಂಗಾಳಿ ಬಡಗಿ ಮಾತಾಡದೆ ಅಷ್ಟನ್ನೂ ಎಳೆದು ಹಾಕಿದರು. ಆಮೇಲೆ ತಾವೇ ಹತ್ತಿ ಇಟ್ಟು, "ಕೈ ಬೇಡ ಭಾಯ್, ಕಿವಿ ಇಡು" ಎಂದು ಹಿಂದಿಯಲ್ಲಿ ಹೇಳಿ ಹೊಡೆಯತೊಡಗಿದರು. ಮೊದಲು ಬರುವುದು ಮೆತ್ತಗಿನ ಶಬ್ದ, ಪೊಟ್ಟು ಪೊಟ್ಟು. ಸಂದಿ ತುಂಬುತ್ತಾ ಬಂದಂತೆ ಅದು ಗಟ್ಟಿಯಾಗಿ, ಟಣ್ ಎನ್ನುತ್ತದೆ. ಅಲ್ಲಿಗೆ ನಿಲ್ಲಿಸಬೇಕು, ಇನ್ನೊಂದು ಏಟು ಕೊಟ್ಟರೂ ಜಾಸ್ತಿ. ಆ ಟಣ್ ಗುರುತು ಹಿಡಿಯಲು ನನಗೆ ಮೂರು ಶನಿವಾರ ಬೇಕಾಯಿತು.

ಕೈಗೆ ಅಂಟಿದ ಎಣ್ಣೆಯ ವಾಸನೆ ಸೋಮವಾರವೂ ಆಫೀಸಿನಲ್ಲಿ ಇರುತ್ತದೆ. ನನಗದು ಇಷ್ಟ.

ಈಗ ಸುಣ್ಣ ಮತ್ತು ಕೊಬ್ಬು ಕಲಸಿ ತಳಕ್ಕೆ ಬಳಿಯುತ್ತಿದ್ದಾರೆ. ಮುಂದಿನ ಹುಣ್ಣಿಮೆಯ ದೊಡ್ಡ ಉಬ್ಬರಕ್ಕೆ ನೀರಿಗೆ ಇಳಿಸುತ್ತಾರಂತೆ. ನಾನು ತುಂಬಿದ ಸಂದಿ ಎಡಗಡೆ, ಕೆಳಗಿನಿಂದ ನಾಲ್ಕನೆಯದು. ಒಳಗಿಳಿದು ಅದನ್ನು ಮುಟ್ಟಿ ನೋಡಬೇಕು, ಎರಡು ದಿನ ರಜೆ ಹಾಕಿದ್ದೇನೆ.