ಎದೆಯ ಮೇಲೆ ಎರಡು ಕೈ

ನಿನ್ನೆ ಸಂಜೆ ಉಡುಪಿಯ ಬಸ್ ನಿಲ್ದಾಣದಲ್ಲಿ, ಬಾಳೆಲೆಯಲ್ಲಿ ಸುತ್ತಿದ ಒಂದು ಅಟ್ಟೆ (ಕಟ್ಟು) ಮಲ್ಲಿಗೆ ಹಿಡಿದು ನಿಂತಿದ್ದ ಹಿರಿಯರೊಬ್ಬರು ಹಠಾತ್ತನೆ ಕುಸಿದುಬಿದ್ದರು. ಭುಜ ತಟ್ಟಿ ಕರೆದರೂ ಓಗೊಡಲಿಲ್ಲ, ಉಸಿರಾಟವೂ ಇರಲಿಲ್ಲ. 108ಕ್ಕೆ ಕರೆ ಮಾಡುವಂತೆ ಕಂಡಕ್ಟರಿಗೆ ಹೇಳಿ, ಎದೆಯ ನಡುವೆ ಒಂದರ ಮೇಲೊಂದು ಅಂಗೈಯಿಟ್ಟು, ಮೊಣಕೈ ಬಗ್ಗಿಸದೆ, ನಿಮಿಷಕ್ಕೆ 100ರಿಂದ 120 ಬಾರಿಯ ಲಯದಲ್ಲಿ, ಎದೆ 5 ಸೆಂಟಿಮೀಟರಿನಷ್ಟು ತಗ್ಗುವಂತೆ ಒತ್ತತೊಡಗಿದೆ. ಪ್ರತಿ ಒತ್ತಿನ ಬಳಿಕ ಎದೆ ಪೂರ್ತಿ ಮೇಲೇಳಬೇಕು. ಹೃದಯಕ್ಕೆ ರಕ್ತ ಮರಳಿ ತುಂಬುವುದು ಆ ಕ್ಷಣದಲ್ಲೇ. ಎರಡೇ ನಿಮಿಷಕ್ಕೆ ತೋಳು ಸೋತಾಗ ಕಾಲೇಜು ಹುಡುಗನೊಬ್ಬ ಮುಂದುವರಿಸಿದ. ಹೀಗೆ ಕುಸಿದ ವಯಸ್ಕರ ರಕ್ತದಲ್ಲಿ ಮೊದಲ ಕೆಲವು ನಿಮಿಷಗಳಿಗೆ ಬೇಕಾದಷ್ಟು ಆಮ್ಲಜನಕ ಉಳಿದಿರುವುದರಿಂದ, ಬಾಯಿಗೆ ಬಾಯಿಟ್ಟು ಉಸಿರೂದಲು ಬಾರದವರೂ ಎದೆ ಒತ್ತಲು ಹಿಂಜರಿಯಬೇಕಿಲ್ಲವೆಂಬುದು ಸುತ್ತ ನೆರೆದಿದ್ದ ಅಷ್ಟೂ ಜನರಿಗೆ ತಿಳಿದಿರಬಾರದಿತ್ತೇ ಎಂದು ಮನಸ್ಸು ಮರುಗುತ್ತಿದೆ. ಆ ಹಿರಿಯರೀಗ ಐಸಿಯುವಿನಲ್ಲಿದ್ದಾರೆ, ಮಲ್ಲಿಗೆಯನ್ನು ಅವರ ಮಗಳ ಕೈಗೊಪ್ಪಿಸಿ ಬಂದೆ.