ಪಾಲಿಬೆಟ್ಟದ ದಾರಿಯಲ್ಲಿ ಹಳೇ ಪಿಂಗಾಣಿ

ಹುಣಸೂರು ಬಿಟ್ಟು ಆನೆಚೌಕೂರಿನ ಕಾಡು ದಾಟಿದರೆ ತಿತಿಮತಿ, ಆಮೇಲೆ ಗೋಣಿಕೊಪ್ಪ. ಡಿಸೆಂಬರಿನಲ್ಲಿ ಈ ದಾರಿ ತುಂಬ ಚೆಂದ. ತೋಟಗಳಲ್ಲಿ ಕಾಫಿ ಹಣ್ಣು ಕೆಂಪಾಗಿರುತ್ತದೆ, ಕಣದಲ್ಲಿ ಹರಡಿದ ಕಾಫಿಯ ಹುಳಿ ವಾಸನೆ ರಸ್ತೆವರೆಗೂ ಬರುತ್ತದೆ. ಕೊಡಗಿಗೆ ಬರುವವರು ಸಾಮಾನ್ಯವಾಗಿ ಅಬ್ಬಿ ಜಲಪಾತ, ರಾಜಾಸೀಟು, ದುಬಾರೆ ಅಂತ ಹೊರಡುತ್ತಾರೆ. ನಾನು ಮತ್ತು ಅತ್ತಿಗೆ ಹೊರಟಿದ್ದು ಹಳೇ ಕಪ್ ಸಾಸರ್ ಹುಡುಕಲು.

ಪಾಲಿಬೆಟ್ಟದ ಕಡೆ ಒಂದು ಚರ್ಚಿನ ಹಾಲ್‌ನಲ್ಲಿ ಕ್ರಿಸ್‌ಮಸ್‌ಗೆ ಮುಂಚೆ ಹಳೇ ಸಾಮಾನಿನ ಸೇಲ್ ಇದೆ ಅಂತ ಅತ್ತಿಗೆಗೆ ಗೊತ್ತಾಗಿತ್ತು. ಸುತ್ತಲಿನ ತೋಟದ ಮನೆಗಳವರು ತಮಗೆ ಬೇಡವಾದದ್ದನ್ನು ತಂದುಕೊಡುತ್ತಾರೆ. ಮಾರಿ ಬಂದ ದುಡ್ಡು ಮಕ್ಕಳ ಸ್ಕೂಲ್ ಫೀಸಿಗೆ ಹೋಗುತ್ತದೆ. ಇಂಗ್ಲೆಂಡಿನಲ್ಲಿ ಇದೇ ಕೆಲಸಕ್ಕೆ ಪೇಟೆ ಬೀದಿಗಳಲ್ಲಿ ಚಾರಿಟಿ ಶಾಪ್‌ಗಳಿವೆ. ಆಕ್ಸ್‌ಫ್ಯಾಮ್ ಸಂಸ್ಥೆ 1947ರಲ್ಲಿ ಆಕ್ಸ್‌ಫರ್ಡ್ ಊರಿನ ಬ್ರಾಡ್ ಸ್ಟ್ರೀಟಿನಲ್ಲಿ ತನ್ನ ಮೊದಲ ಅಂಗಡಿ ಮಾಡಿತು. ಅಂಥ ಅಂಗಡಿಗಳಲ್ಲಿ ಅಜ್ಜಿಯಂದಿರ ಕಾಲದ ಪಿಂಗಾಣಿಯನ್ನು ಹುಡುಕಿಕೊಂಡೇ ಹೋಗುವ ಜನ ಇದ್ದಾರೆ. ನಮ್ಮಲ್ಲಿ ಆ ಪದ್ಧತಿ ಕಡಿಮೆ. ಹಾಗಾಗಿ ಇಂಥ ಸೇಲ್ ಇದೆ ಅಂದರೆ ಮೈಸೂರಿನಿಂದ ಬೆಳಗ್ಗೆ ಐದಕ್ಕೆ ಎದ್ದು ಹೊರಡುವುದು ನನಗೆ ಕಷ್ಟ ಅನ್ನಿಸುವುದೇ ಇಲ್ಲ.

ಕೊಡಗಿನಲ್ಲಿ ಈ ಪಿಂಗಾಣಿ ಎಲ್ಲಿಂದ ಬಂತು ಅನ್ನುವುದಕ್ಕೆ ಉತ್ತರ ತೋಟಗಳಲ್ಲೇ ಇದೆ. 1834ರಲ್ಲಿ ಇಂಗ್ಲಿಷರು ಕೊಡಗನ್ನು ವಶ ಮಾಡಿಕೊಂಡರು. 1854ರಲ್ಲಿ ಫೌಲರ್ ಅನ್ನುವವರು ಮಡಿಕೇರಿಯಲ್ಲಿ ಕಾಫಿ ತೋಟ ಶುರು ಮಾಡಿದರು. ಅವರ ಹಿಂದೆ ಇನ್ನೂ ಎಷ್ಟೋ ದೊರೆಗಳು ಬಂದರು. ಇಲ್ಲಿನ ಕಾಫಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ತಲಶ್ಶೇರಿ, ಮಂಗಳೂರಿನ ಬಂದರಿಗೆ ಹೋಗುತ್ತಿತ್ತು. ಬಂಗಲೆಗೆ ಬೇಕಾದ ಟೀ ಸೆಟ್ಟು, ಊಟದ ತಟ್ಟೆಗಳೂ ಹುಲ್ಲು ತುಂಬಿದ ಪೆಟ್ಟಿಗೆಗಳಲ್ಲಿ ಅದೇ ಘಟ್ಟ ಹತ್ತಿ ಬಂದಿರಬೇಕು. ಆ ದಾರಿಯಲ್ಲಿ ಒಡೆಯದೆ ಬಂದದ್ದೇ ದೊಡ್ಡದು ಅಲ್ವಾ!

ಹಾಲ್‌ನಲ್ಲಿ ಸ್ವೆಟರ್, ಹಳೇ ಪುಸ್ತಕ, ಕುಕ್ಕರ್, ಬೆತ್ತದ ಕುರ್ಚಿ ಎಲ್ಲ ಇತ್ತು. ಮೂಲೆಯ ಮೇಜಿನ ಮೇಲೆ ಪಿಂಗಾಣಿ. ಅಲ್ಲಿ ಕೂತಿದ್ದ ಆಂಟಿಗೆ ಎಪ್ಪತ್ತು ದಾಟಿರಬಹುದು. ನಾನು ಒಂದು ಕಪ್ಪನ್ನು ದೂರದಿಂದಲೇ ನೋಡುತ್ತಿದ್ದೆ. "ಕೈಯಲ್ಲಿ ಎತ್ತಿ ನೋಡಮ್ಮ, ತಿರುಗಿಸಿ ನೋಡು. ಒಡೆದರೂ ನಾನು ಬೈಯಲ್ಲ" ಅಂದರು.

ನನಗೆ ಬೇಕಾಗಿದ್ದದ್ದೂ ಅದೇ. ಕಪ್ಪಿನ ಚೆಲುವು ಹೊರಗೆ ಕಾಣುತ್ತದೆ, ಅದರ ಊರು, ಕಾಲ ಎಲ್ಲ ತಳದಲ್ಲಿರುತ್ತದೆ. ಅಮೆರಿಕದಲ್ಲಿ 1890ರಲ್ಲಿ ಒಂದು ಕಾನೂನು ಬಂತು. ಹೊರಗಿನಿಂದ ಬರುವ ಮಾಲಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ. 1891ರಿಂದ ಅದು ಜಾರಿಯಾಯಿತು. ಅಲ್ಲಿಗೂ ಮಾಲು ಕಳಿಸುತ್ತಿದ್ದ ಇಂಗ್ಲೆಂಡಿನ ಕಂಪನಿಗಳು ತಳದಲ್ಲಿ ದೇಶದ ಹೆಸರು ಒತ್ತತೊಡಗಿದವು. ಹಾಗಾಗಿ ತಳದಲ್ಲಿ ಬರೀ 'ಇಂಗ್ಲೆಂಡ್' ಅಂತಿದ್ದರೆ ಸಾಮಾನ್ಯವಾಗಿ ಅದರ ನಂತರದ್ದು. 'ಮೇಡ್ ಇನ್ ಇಂಗ್ಲೆಂಡ್' ಅಂತಿದ್ದರೆ ಹೆಚ್ಚಾಗಿ ಇಪ್ಪತ್ತನೇ ಶತಮಾನದ್ದು. 'ಆಕ್ಯುಪೈಡ್ ಜಪಾನ್' ಅಂತ ಇದ್ದರಂತೂ ಸುಲಭ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನ್ ಅಮೆರಿಕದವರ ಕೈಯಲ್ಲಿದ್ದ ಕಾಲದ್ದು, 1952ಕ್ಕೆ ಆ ಕಾಲ ಮುಗಿಯಿತು. ಇಷ್ಟು ಸಣ್ಣ ಕಪ್ಪಿನ ತಳದಲ್ಲಿ ಅಷ್ಟು ದೊಡ್ಡ ಚರಿತ್ರೆ ಕೂತಿರುವುದು ನೋಡಿದಾಗ ನನಗೆ ಪ್ರತಿಸಲವೂ ರೋಮಾಂಚನ ಆಗುತ್ತದೆ.

ಆಂಟಿಯ ಮೇಜಿನ ಮೇಲೆ ಇದ್ದ ತೆಳುವಾದ ಕಪ್‌ಗಳು ಬೋನ್ ಚೈನಾ. ಅಂಚಿಗೆ ಬಂಗಾರದ ಗೆರೆ, ಮೈಮೇಲೆ ನಸುಗೆಂಪು ಗುಲಾಬಿ. ಕಿಟಕಿಯ ಬೆಳಕಿಗೆ ಹಿಡಿದೆ. ಹಿಂದಿನಿಂದ ನನ್ನ ಬೆರಳುಗಳ ನೆರಳು ಕಂಡಿತು. ಉಗುರಿನಿಂದ ಮೆಲ್ಲಗೆ ತಟ್ಟಿದರೆ ಸಣ್ಣ ಗಂಟೆ ಹಾಗೆ ನಾದ. ಬಿರುಕಿದ್ದರೆ ಈ ನಾದ ಬರುವುದಿಲ್ಲ, ದಪ್ ಅನ್ನುತ್ತದೆ. ಇಂಗ್ಲೆಂಡಿನ ಸ್ಟೋಕ್ ಕಡೆಯ ಕುಂಬಾರಿಕೆಯಲ್ಲಿ 1790ರ ದಶಕದ ಹೊತ್ತಿಗೆ ಸ್ಪೋಡ್ ಮನೆತನದವರು ಈ ಬೋನ್ ಚೈನಾವನ್ನು ಹದಕ್ಕೆ ತಂದರು. ಮಣ್ಣಿನ ಜೊತೆ ಸುಮಾರು ಅರ್ಧದಷ್ಟು ಸುಟ್ಟ ಮೂಳೆಯ ಬೂದಿ ಸೇರಿಸುತ್ತಾರೆ. ಆ ಬಿಳುಪು, ಆ ತೆಳುವು, ಆ ಗಟ್ಟಿತನ ಬರುವುದು ಅದರಿಂದ. ಇದು ತಿಳಿದ ಮೇಲೆ ಮುಟ್ಟಲು ಇಷ್ಟಪಡದವರೂ ಇದ್ದಾರೆ, ಅವರಿಗೆ ಮೂಳೆ ಇಲ್ಲದ ಪೋರ್ಸಲೀನ್‌ನಲ್ಲೂ ಚೆಂದದ್ದು ಬೇಕಾದಷ್ಟು ಸಿಗುತ್ತದೆ.

"ಇದು ಯಾರ ಮನೇದು ಆಂಟಿ?" ಅಂತ ಅತ್ತಿಗೆ ಕೇಳಿದರು.

"ನಮ್ಮದೇ. ಮಾವ ತೋಟ ತಗೊಂಡಾಗ ಬಂಗಲೆ ಜೊತೆಗೇ ಬಂದದ್ದು. ದೊರೆ ಎರಡು ಪೆಟ್ಟಿಗೆ ಹಿಡ್ಕೊಂಡು ಹೊರಟುಹೋದರಂತೆ. ಮಿಕ್ಕಿದ್ದೆಲ್ಲ ಇಲ್ಲೇ. ನಮ್ಮತ್ತೆ ಹುತ್ತರಿಗೆ ನೆಂಟರು ಬಂದಾಗ ಮಾತ್ರ ಹೊರಗೆ ತೆಗೀತಿದ್ದರು. ನನ್ನ ಮಕ್ಕಳು ಈಗ ಊರಲ್ಲಿಲ್ಲ. ಸುಮ್ನೆ ಬೀರುವಿನಲ್ಲಿ ಇಟ್ಟು ಏನು ಮಾಡಲಿ? ಕುಡಿಯುವವರ ಮನೆಗೆ ಹೋಗಲಿ."

ಅತ್ತಿಗೆ ಚೀಲದಿಂದ ಒಂದು ಚೀಟಿ ತೆಗೆದು ಆ ಮಾತನ್ನೆಲ್ಲ ಬರೆದುಕೊಂಡರು. ಪಾಲಿಬೆಟ್ಟ, ಮಾವ ಕೊಂಡ ಬಂಗಲೆ, ಹುತ್ತರಿ. ಚೀಟಿ ಮಡಚಿ ಕಪ್ಪಿನೊಳಗೇ ಇಟ್ಟರು. ಅವರ ಈ ಅಭ್ಯಾಸ ನನಗೆ ತುಂಬ ಇಷ್ಟ. ಕಂಪನಿಯ ಹೆಸರು ತಳದಲ್ಲಿ ಅಚ್ಚಾಗಿರುತ್ತದೆ, ಯಾವ ಮನೆಯಲ್ಲಿತ್ತು ಅನ್ನುವುದನ್ನು ಯಾರಾದರೂ ಬರೆದಿಟ್ಟರೆ ಮಾತ್ರ ಉಳಿಯುತ್ತದೆ. ತೋಟಗಳು ಕೈ ಬದಲಾಗುವಾಗ, ಹಳೇ ಬಂಗಲೆ ಕೆಡವುವಾಗ ಇಂಥ ಸಾಮಾನನ್ನು ಗುಂಡಿಗೆ ಸುರಿಯುವುದಿದೆ. ಅದಕ್ಕೇ ಈ ಥರದ ಸೇಲ್‌ಗಳು ಇನ್ನೂ ಜಾಸ್ತಿ ನಡೆಯಬೇಕು ಅಂತ ನನಗೆ ಅನ್ನಿಸುತ್ತದೆ.

ಗುಲಾಬಿ ಕಪ್‌ಗಳಿಗೆ ತಲಾ ನೂರು ರೂಪಾಯಿ ಕೊಟ್ಟೆವು. ಸಾಸರ್ ಕೆಲವಕ್ಕೆ ಇತ್ತು, ಕೆಲವಕ್ಕೆ ಇಲ್ಲ. ಜೋಡಿ ಇಲ್ಲದ್ದನ್ನು ಬಿಟ್ಟುಬರಲು ನನಗೆ ಮನಸ್ಸು ಬರುವುದಿಲ್ಲ. ಬೇರೆ ಬೇರೆ ಸೆಟ್ಟಿನ ಕಪ್ ಸಾಸರ್ ಜೋಡಿಸಿ ಟ್ರೇನಲ್ಲಿಟ್ಟರೆ ಬಂದವರು ತಮತಮಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತಾರೆ, ಮಾತೂ ಅಲ್ಲಿಂದಲೇ ಶುರುವಾಗುತ್ತದೆ.

ಸಿದ್ದಾಪುರದ ಮೇಲೆ ಮಡಿಕೇರಿಗೆ ಬಂದೆವು. ಶುಕ್ರವಾರ, ಸಂತೆಯ ದಿನ. ಪೇಟೆ ತುಂಬ ಜನ. ಕೋಟೆಯೊಳಗಿನ ಹಳೇ ಚರ್ಚು ಈಗ ಮ್ಯೂಸಿಯಂ, ಅದನ್ನು ಹೊರಗಿನಿಂದಲೇ ನೋಡಿ ಒಂದು ಗುಜರಿ ಅಂಗಡಿಗೆ ನುಗ್ಗಿದೆವು. ಕಬ್ಬಿಣ, ಬಾಟಲಿ, ಹಳೇ ಪಂಪಿನ ನಡುವೆ ಒಂದು ಪ್ಲಾಸ್ಟಿಕ್ ಬುಟ್ಟಿ. ಅದರಲ್ಲಿ ದೆಹಲಿಯ ಹಿತ್ಕಾರಿ ಪಿಂಗಾಣಿ ಕಂಪನಿಯವರ ಕಪ್‌ಗಳು. ಕೋಲ್ಕತ್ತದ ಬೆಂಗಾಲ್ ಪಾಟರೀಸ್‌ನ ಒಂದು ಗಟ್ಟಿ ತಟ್ಟೆ. ಇವು ನಮ್ಮ ದೇಶದ್ದೇ, ರೈಲ್ವೆ ಕ್ವಾರ್ಟರ್ಸಿನಲ್ಲೂ ಮೇಷ್ಟ್ರ ಮನೆಯಲ್ಲೂ ಇದ್ದಂಥವು. ಇಂಗ್ಲೆಂಡಿನ ಮಾಲಿಗೆ ಕೊಡುವ ಮರ್ಯಾದೆಯನ್ನು ಇವಕ್ಕೂ ಕೊಡಬೇಕು.

ಬುಟ್ಟಿಯ ತಳದಲ್ಲಿ ನೀಲಿ ಬಣ್ಣದ ಟೀ ಪಾಟ್ ಸಿಕ್ಕಿತು. ವಿಲೋ ಚಿತ್ತಾರ. ಬಾಗಿದ ಮರ, ಸೇತುವೆಯ ಮೇಲೆ ಮೂರು ಜನ, ಆಕಾಶದಲ್ಲಿ ಎರಡು ಹಕ್ಕಿ. ನೋಡಿದರೆ ಚೀನಾದ್ದು ಅನ್ನಿಸುತ್ತದೆ. ಆದರೆ ಈ ಚಿತ್ತಾರ ಹುಟ್ಟಿದ್ದು ಹದಿನೆಂಟನೇ ಶತಮಾನದ ಕೊನೆಯ ಇಂಗ್ಲೆಂಡಿನಲ್ಲಿ. ಓಡಿಹೋಗಿ ಹಕ್ಕಿಗಳಾದ ಪ್ರೇಮಿಗಳ ಕಥೆಯನ್ನೂ ಅದಕ್ಕೆ ಕಟ್ಟಿದವರು ಇಂಗ್ಲಿಷರೇ. ಹಿಡಿಯ ಪಕ್ಕದಲ್ಲಿ ಅಚ್ಚಿನ ಎರಡು ತುದಿ ಸೇರುವ ಕಡೆ ಗೆರೆಗಳು ಒಂದಕ್ಕೊಂದು ಸ್ವಲ್ಪ ತಪ್ಪಿದ್ದವು. ಚಿತ್ತಾರವನ್ನು ಕಾಗದದ ಮೇಲೆ ಅಚ್ಚು ಹಾಕಿ, ಆ ಕಾಗದವನ್ನು ಒಬ್ಬ ಕೆಲಸಗಾರ ಕೈಯಿಂದ ಪಾಟಿಗೆ ಅಂಟಿಸಿದ್ದಕ್ಕೆ ಅದೇ ಸಾಕ್ಷಿ. ಪಾಟಿಗೆ ಮುಚ್ಚಳ ಇರಲಿಲ್ಲ.

"ಮುಚ್ಚಳ ಇಲ್ವಲ್ಲ ಅಣ್ಣ?"

"ಅದೇ ಮನೆಯ ಇನ್ನೊಂದು ಮೂಟೆ ಗೋಡೌನಿನಲ್ಲಿದೆ ಅಕ್ಕ. ಬಿಚ್ಚಿಲ್ಲ ಇನ್ನೂ."

ರಾತ್ರಿ ಹೋಂಸ್ಟೇನಲ್ಲಿ ಎಲ್ಲವನ್ನೂ ಉಗುರುಬೆಚ್ಚಗಿನ ನೀರಲ್ಲಿ ತೊಳೆದೆವು. ಟೀ ಕಲೆಗೆ ಅಡುಗೆ ಸೋಡಾ ಒದ್ದೆ ಮಾಡಿ ಬೆರಳಿನಿಂದ ಉಜ್ಜಿದರೆ ಸಾಕು. ಬಂಗಾರದ ಗೆರೆ ಮುಟ್ಟಬಾರದು, ಅಂಥದ್ದನ್ನು ಮೈಕ್ರೋವೇವಿಗೂ ಇಡಬಾರದು. ಮೈಮೇಲೆ ಸಣ್ಣ ಬಲೆಯಂತೆ ಬಿರುಕು ಬಿಟ್ಟವನ್ನು ನಾವು ಬಳಸುವುದಿಲ್ಲ. ಹಳೇ ಹೊಳಪಿನಲ್ಲೂ ಬಣ್ಣದಲ್ಲೂ ಸೀಸ ಇರಬಹುದು, ಅವು ಶೋಕೇಸಿಗೆ. ಗುಲಾಬಿ ಕಪ್‌ಗಳಲ್ಲಿ ಬಿರುಕಿರಲಿಲ್ಲ. ಹೋಂಸ್ಟೇಯ ಅಕ್ಕ ಬೆಲ್ಲದ ಕಾಫಿ ಮಾಡಿ ಅವುಗಳಲ್ಲೇ ಹಾಕಿಕೊಟ್ಟರು. ತೆಳುವಾದ ಅಂಚು ತುಟಿಗೆ ತಾಗುವ ಸುಖ ಸ್ಟೀಲ್ ಲೋಟದಲ್ಲಿ ಸಿಗುವುದಿಲ್ಲ.

ಗುಜರಿ ಅಂಗಡಿಯವರು ಅತ್ತಿಗೆಯ ನಂಬರ್ ಬರೆದುಕೊಂಡಿದ್ದಾರೆ. ಮೂಟೆ ಬಿಚ್ಚುವ ದಿನ ಫೋನ್ ಮಾಡುತ್ತಾರಂತೆ. ಅವತ್ತು ನಾವಿಬ್ಬರೂ ಮತ್ತೆ ಮಡಿಕೇರಿ ಬಸ್ಸು ಹತ್ತುತ್ತೇವೆ.