ಲಿಸ್ಬನ್ನಿನಲ್ಲಿ ಕೊಂಡದ್ದು, ಕೊಳ್ಳದೆ ಬಿಟ್ಟದ್ದು

ಲಿಸ್ಬನ್ ನಗರದ ಬೈಶಾ ಬಡಾವಣೆಯ ಅಂಗಡಿಗಳನ್ನು ನಂಬುವುದಾದರೆ ಪೋರ್ಚುಗಲ್ ದೇಶದಲ್ಲಿ ಇರುವುದು ಮೂರೇ: ಹುಂಜ, ಸಾರ್ಡೀನ್ ಮೀನು, ಹಳದಿ ಟ್ರಾಮ್. ಫ್ರಿಜ್ಜಿಗೆ ಅಂಟಿಸುವ ಬಿಲ್ಲೆಯಾಗಿ, ಕೀಲಿಗೊಂಚಲಾಗಿ, ಏಪ್ರನ್ನಾಗಿ, ಕಾಲುಚೀಲವಾಗಿ ಈ ಮೂರೂ ಬೀದಿಯುದ್ದಕ್ಕೂ ತೂಗಾಡುತ್ತವೆ. ಹುಂಜವಂತೂ ಈ ಊರಿನದೇ ಅಲ್ಲ, ಉತ್ತರದ ಬಾರ್ಸೆಲೂಸ್‌ನದು. ನಿರಪರಾಧಿ ಯಾತ್ರಿಕನೊಬ್ಬನನ್ನು ಗಲ್ಲಿಗೇರಿಸಲು ಹೊರಟಾಗ ನ್ಯಾಯಾಧೀಶನ ಊಟದ ತಟ್ಟೆಯಲ್ಲಿದ್ದ ಸುಟ್ಟ ಹುಂಜ ಎದ್ದು ಕೂಗಿತಂತೆ. ಕಥೆ ಇಷ್ಟವಾಯಿತು, ಬಣ್ಣ ಬಳಿದ ಹುಂಜ ಆಗಲಿಲ್ಲ.

ಅತ್ತಿಗೆಯ ಬಳಿ ಪಟ್ಟಿ ಇತ್ತು. ಯಾರಿಗೆ ಏನು, ಎಷ್ಟರೊಳಗೆ, ಯಾರಿಗೆ ಕೊಟ್ಟರೆ ಯಾರಿಗೂ ಕೊಡಲೇಬೇಕಾಗುತ್ತದೆ ಎಂಬುದೆಲ್ಲ ಅದರಲ್ಲಿತ್ತು. ಅವರೊಂದಿಗೆ ಪರದೇಶದಲ್ಲಿ ಬೀದಿ ಸುತ್ತುವುದೆಂದರೆ ಒಂದು ಸಣ್ಣ ಉದ್ಯೋಗ. ಚರಿತ್ರೆ, ಚರ್ಚು, ಕೋಟೆಗಳನ್ನೆಲ್ಲ ನೋಡಿದೆವು. ಅವುಗಳ ವಿಷಯ ಬೇರೆಯವರು ಸಾಕಷ್ಟು ಬರೆದಿದ್ದಾರೆ.

ಬಾಯಿಗೆ ಸಂಬಂಧಿಸಿದ್ದನ್ನು ಮೊದಲು ಹೇಳಿಬಿಡುತ್ತೇನೆ. ಪಾಸ್ತೆಲ್ ದೆ ನಾತಾ ಎಂಬ ಕಸ್ಟರ್ಡ್ ತುಂಬಿದ ಸಣ್ಣ ತಿನಿಸನ್ನು ಪೊಟ್ಟಣ ಕಟ್ಟಿಸಿ ಮನೆಗೆ ತರುವ ಆಸೆ ಬೇಡ. ಒಲೆಯಿಂದ ಇಳಿದ ಕೆಲವೇ ಗಂಟೆಗಳಲ್ಲಿ ಅದರ ಪದರಗಳು ಮೆತ್ತಗಾಗಿ, ಮರುದಿನ ಅದು ಬೇರೆಯೇ ವಸ್ತು. ಬೆಲೆಂನಲ್ಲಿರುವ ಹಳೆಯ ಅಂಗಡಿ 1837ರಿಂದ ಅದನ್ನು ಮಾಡುತ್ತಿದೆ. 1834ರಲ್ಲಿ ದೇಶದ ಸಂನ್ಯಾಸಿ ಮಠಗಳನ್ನು ಮುಚ್ಚಿದಾಗ ಪಕ್ಕದ ಜೆರೋನಿಮೋಸ್ ಮಠದ ಪಾಕವಿಧಾನ ಹೊರಬಿದ್ದು ಈ ಅಂಗಡಿಗೆ ಬಂತು. ಬಂದದ್ದು ಮತ್ತೆ ಗುಟ್ಟಾಗಿಯೇ ಉಳಿದಿದೆ. ಉಡುಪುಗಳಿಗೆ ಗಂಜಿ ಹಾಕಲು ಮೊಟ್ಟೆಯ ಬಿಳಿ ಬಳಸುತ್ತಿದ್ದ ಮಠಗಳಲ್ಲಿ ಹಳದಿ ರಾಶಿ ಉಳಿದು ಇಷ್ಟೊಂದು ಸಿಹಿತಿಂಡಿಗಳು ಹುಟ್ಟಿದವು ಎನ್ನುತ್ತಾರೆ. ಆದರೆ ನನ್ನ ಮತ ಶಿಯಾದು ಬಡಾವಣೆಯ ಮಾಂತೆಗರಿಯಾ ಅಂಗಡಿಗೆ. ಅಲ್ಲಿ ಹೊಸ ತಟ್ಟೆ ಒಲೆಯಿಂದ ಹೊರಬಂದ ಕೂಡಲೇ ಗಂಟೆ ಬಾರಿಸುತ್ತಾರೆ. ನಿಂತುಕೊಂಡೇ ತಿನ್ನಬೇಕು. ಮೇಲೆ ಅಲ್ಲಲ್ಲಿ ಕಪ್ಪಾಗಿ ಸೀದ ಚುಕ್ಕೆಗಳಿರಬೇಕು, ದಾಲ್ಚಿನ್ನಿ ಪುಡಿಯನ್ನು ನಾವೇ ಉದುರಿಸಿಕೊಳ್ಳಬೇಕು, ಮೊದಲ ತುತ್ತಿಗೆ ನಾಲಗೆ ಚುರ್ರೆನ್ನಬೇಕು. ಮೊಟ್ಟೆ ಮುಟ್ಟದವರು ಆ ಬೀದಿಯಲ್ಲಿ ಹುರಿದ ಚೆಸ್ಟ್‌ನಟ್‌ಗೆ ತೃಪ್ತಿಪಡಬೇಕು. ನವೆಂಬರ್ ತಿಂಗಳಾದ್ದರಿಂದ ಮೂಲೆ ಮೂಲೆಯಲ್ಲೂ ಗಾಡಿಗಳಿದ್ದವು. ಉಪ್ಪು ಹತ್ತಿ ಬೂದಿಬಣ್ಣಕ್ಕೆ ತಿರುಗಿದ ಸಿಪ್ಪೆ, ಬೆರಳಿಗೆಲ್ಲ ಮಸಿ, ಇಡೀ ಬೀದಿಗೆ ಹೊಗೆ. ಅತ್ತಿಗೆಗೆ ಪಾಸ್ತೆಲ್‌ಗಿಂತ ಇದೇ ಹಿಡಿಸಿತು.

ಕಾರ್ಕಿನ ಸಾಮಾನುಗಳನ್ನು ನಾನು ಮನಸಾರೆ ಹೊಗಳುತ್ತೇನೆ. ಪರ್ಸು, ಕನ್ನಡಕದ ಡಬ್ಬಿ, ಕೊಡೆಗೆ ಕೂಡ ಕಾರ್ಕ್. ಮುಟ್ಟಿದರೆ ಬೆಚ್ಚಗೆ, ಎತ್ತಿದರೆ ಹಗುರ. ಜಗತ್ತಿನ ಕಾರ್ಕಿನಲ್ಲಿ ಸುಮಾರು ಅರ್ಧ ಈ ಪುಟ್ಟ ದೇಶದ್ದು. ಮರ ಕಡಿಯುವುದಿಲ್ಲ, ತೊಗಟೆಯನ್ನಷ್ಟೇ ಸುಲಿಯುತ್ತಾರೆ. ಮೊದಲ ಸುಲಿತಕ್ಕೆ ಮರಕ್ಕೆ ಸುಮಾರು 25 ವರ್ಷವಾಗಿರಬೇಕು, ಆಮೇಲೆ ಒಂಬತ್ತು ವರ್ಷಕ್ಕೊಮ್ಮೆ. ಸುಲಿದ ವರ್ಷದ ಕೊನೆಯ ಅಂಕಿಯನ್ನು ಕಾಂಡದ ಮೇಲೆ ಬಣ್ಣದಲ್ಲಿ ಬರೆದಿಡುತ್ತಾರೆ, ಅವಸರಪಟ್ಟು ಯಾರೂ ಮತ್ತೆ ಸುಲಿಯದಂತೆ. ಪಟ್ಟಿಯ ಅರ್ಧ ಹೆಸರುಗಳು ಕಾರ್ಕ್ ಪರ್ಸಿನಲ್ಲೇ ತೀರಿದವು.

ಇನ್ನು ಟೈಲ್‌ಗಳು.

ಲಿಸ್ಬನ್‌ಗೆ ಹೋಗುವ ಮುನ್ನ ಯಾರಾದರೂ ಟೈಲ್ ಎಂದಿದ್ದರೆ ನನಗೆ ಬಚ್ಚಲುಮನೆ ನೆನಪಾಗುತ್ತಿತ್ತು. ಅಲ್ಲಿ ಮನೆಗಳು ಬೀದಿಗೆ ಮುಖ ಮಾಡುವುದೇ ಟೈಲ್ ತೊಟ್ಟುಕೊಂಡು. ನಾಲ್ಕು ಅಂತಸ್ತಿನ ಗೋಡೆಯ ತುಂಬ ನೀಲಿ ಹೂವು, ಪಕ್ಕದ ಮನೆಗೆ ಹಸಿರು ಜಾಲರಿ, ಅದರಾಚೆ ಹಳದಿ ಕಂದು ಚೌಕಗಳು. ಅಜುಲೇಜು ಎನ್ನುತ್ತಾರೆ. ಹಳೆಯ ಕಾನ್ವೆಂಟ್ ಒಂದರಲ್ಲಿರುವ ಟೈಲ್ ವಸ್ತುಸಂಗ್ರಹಾಲಯದಲ್ಲಿ ಸುಮಾರು 23 ಮೀಟರ್ ಉದ್ದದ ನಗರಚಿತ್ರವಿದೆ. 1755ರ ನವೆಂಬರ್ 1ರ ಭೂಕಂಪದಲ್ಲಿ ನೆಲಸಮವಾಗುವ ಮೊದಲಿನ ಲಿಸ್ಬನ್, ಅರಮನೆ ಹಡಗುಗಳ ಸಮೇತ, ನೀಲಿ ಬಿಳಿಯಲ್ಲಿ. ಇಟ್ಟಿಗೆ ಕಲ್ಲು ಬಿದ್ದುಹೋಗಿವೆ, ಬೆರಳಿನಿಂದ ತಟ್ಟಿದರೆ ಒಡೆಯಬಹುದಾದ ಮಣ್ಣಿನ ಬಿಲ್ಲೆಗಳು ಉಳಿದಿವೆ. ಅದರ ಮುಂದೆ ಅತ್ತಿಗೆ ಪಟ್ಟಿಯನ್ನು ಚೀಲಕ್ಕೆ ಹಾಕಿ, "ನನಗಾಗಿ ಒಂದೇ ಒಂದು ಕೊಳ್ಳುತ್ತೇನೆ, ಇಂಥದ್ದು," ಎಂದರು.

ಕೊಂಡದ್ದು ಬೈಶಾದ ಒಂದು ಅಂಗಡಿಯಲ್ಲಿ. ಕೈಯಿಂದ ಬರೆದದ್ದು ಎಂದು ಫಲಕವಿತ್ತು, ಮಾರುವಾತನೂ ಎದೆ ಮುಟ್ಟಿ ಹಾಗೆಯೇ ಹೇಳಿದ. ಹೋಟೆಲಿನಲ್ಲಿ ಬಿಸಿನೀರಿಗೆ ಒಡ್ಡಿದರೆ ನೀಲಿ ಹೂವು ಒಂದು ಮೂಲೆಯಿಂದ ಪೊರೆಯಾಗಿ ಎದ್ದು ಬಂತು. ಮರುದಿನ ಒಯ್ದು ತೋರಿಸಿದರೆ, ನೀರು ಹಾಕಬೇಕೆಂದು ನಿಮಗೆ ಹೇಳಿದವರಾರು ಎಂದು ನಮ್ಮನ್ನೇ ಕೇಳಿದ. ಟೈಲ್ ಕಂಡರೆ ಈಗಲೂ ಆತನ ಮುಖವೇ ಕಣ್ಣ ಮುಂದೆ ಬರುತ್ತದೆ. ಆದ್ದರಿಂದ ಇಷ್ಟನ್ನು ಬರೆಯಲೇಬೇಕು: ಒಂದೇ ಚಿತ್ರದ ಎರಡು ಟೈಲ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಗೆರೆ ಎಲ್ಲಿ ನಡುಗಿದೆಯೋ ಇನ್ನೊಂದರಲ್ಲೂ ಅಲ್ಲೇ ನಡುಗಿದ್ದರೆ ಅದು ಅಚ್ಚು. ಕುಂಚದ್ದಾದರೆ ಬಣ್ಣ ಒಂದು ಕಡೆ ದಟ್ಟ, ಒಂದು ಕಡೆ ತೆಳು. ಹಿಂಭಾಗಕ್ಕೆ ಕಾರ್ಕ್ ಅಂಟಿಸಿ ಮುಚ್ಚಿದ್ದರೆ, ಮುಚ್ಚದ ಒಂದನ್ನು ತೋರಿಸಿ ಎನ್ನಿ. ತೋರಿಸದಿದ್ದರೆ ಹೊರಟುಬಿಡಿ.

ಈ ಸಿಟ್ಟಿನಲ್ಲೇ ಶನಿವಾರ ಫೈರಾ ದ ಲಾದ್ರಾ ಸಂತೆಗೆ ಹೋದೆವು. ಮಂಗಳವಾರ ಮತ್ತು ಶನಿವಾರ ಸಾಂತಾ ಕ್ಲಾರಾ ಮೈದಾನದಲ್ಲಿ ಸೇರುವ ಹಳೆಯ ಸಾಮಾನಿನ ಸಂತೆ. ಪಕ್ಕದಲ್ಲೇ ಬಿಳಿಯ ಗುಮ್ಮಟದ ಸಾಂತಾ ಎಂಗ್ರಾಸಿಯಾ. 1682ರಲ್ಲಿ ಶುರುವಾದ ಈ ಚರ್ಚಿನ ಕೆಲಸ 1966ರಲ್ಲಿ ಮುಗಿಯಿತು. ಅದರ ನೆರಳಿನಲ್ಲಿ ಹಾಸಿದ ಬಟ್ಟೆಗಳ ಮೇಲೆ ಗ್ರಾಮೊಫೋನ್ ತಟ್ಟೆಗಳು, ಸೇನೆಯ ಗುಂಡಿಗಳು, ಕೈಮುರಿದ ಸಂತರು. ಒಬ್ಬಾತ ರಟ್ಟಿನ ಪೆಟ್ಟಿಗೆಗಳ ತುಂಬ ಹಳೆಯ ಟೈಲ್ ಇಟ್ಟುಕೊಂಡು ಕೂತಿದ್ದ. ಒಂದಕ್ಕೆ 10 ಯೂರೊ, ನಾಲ್ಕಕ್ಕೆ 35. ನಾಲ್ಕು ಜೋಡಿಸಿದರೆ ಮಾತ್ರ ನಡುವಿನ ಹೂವು ಪೂರ್ತಿಯಾಗುವಂಥವು. ಅತ್ತಿಗೆ ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಹೂವು ಕೂಡಿಸಲು ತೊಡಗಿದರು.

ನಾನು ಒಂದನ್ನು ತಿರುವಿ ನೋಡಿದೆ. ಅಂಗೈಗಿಂತ ದೊಡ್ಡ ಚೌಕ, ಹದಿನಾಲ್ಕು ಸೆಂಟಿಮೀಟರ್ ಇರಬಹುದು. ಬೆನ್ನಿಗೆ ಗಾರೆ ಇನ್ನೂ ಅಂಟಿಕೊಂಡಿತ್ತು. ಮುರಿದ ಕಡೆ ಆ ಗಾರೆ ಬೆಳ್ಳಗೆ, ಮಳೆ ಧೂಳು ಕಾಣದಂತೆ ಇತ್ತು. ಒಂದು ಅಂಚಿನಲ್ಲಿ ಉಳಿ ಜಾರಿದ ಗಾಯ. ಹೊಳಪಿನ ಪದರ ಹಾರಿ ಒಳಗಿನ ಮಣ್ಣು ಕೆನೆಬಣ್ಣದಲ್ಲಿ ಕಾಣುತ್ತಿತ್ತು.

"ಇದು ಎಲ್ಲಿಯದು?" ಎಂದೆ.

"ಕೆಡವಿದ ಮನೆಯದು."

"ಯಾವ ಬೀದಿ?"

"ಮನೆಯೇ ಇಲ್ಲ, ಬೀದಿ ಕಟ್ಟಿಕೊಂಡು ಏನು ಮಾಡುತ್ತೀರಿ?" ಎಂದು ನಕ್ಕ.

ಪಕ್ಕದ ಹಾಸಿನಲ್ಲಿ ಕಾಫಿ ಬಟ್ಟಲು, ದೀಪದ ಗಾಜು ಹರಡಿಕೊಂಡಿದ್ದ ಅಜ್ಜಿಯೊಬ್ಬರು ತಲೆಯೆತ್ತಿದರು. ಹೆಗಲಿಗೆ ಉಣ್ಣೆಯ ಶಾಲು. ಹಿಂದೆ ಲಂಡನ್ನಿನ ಹೋಟೆಲುಗಳಲ್ಲಿ ಕೋಣೆ ಗುಡಿಸಿದವರಂತೆ, ಇಂಗ್ಲಿಷ್ ನಿಧಾನವಾಗಿಯಾದರೂ ಬರುತ್ತಿತ್ತು.

"ಬೀದಿ ಕೇಳಿದವರನ್ನು ಇವತ್ತೇ ಕಂಡೆ. ಎಲ್ಲರೂ ರೇಟು ಕೇಳುತ್ತಾರೆ," ಎಂದರು.

ಅತ್ತಿಗೆಗೆ ಇದು ವ್ಯಾಪಾರ ಕೆಡಿಸುವ ಮಾತೆಂದು ಅನುಮಾನ. "ನೀನು ಸುಮ್ಮನಿರು, ಮೂರು ಸಿಕ್ಕಿವೆ, ನಾಲ್ಕನೆಯದು ಹುಡುಕುತ್ತಿದ್ದೇನೆ," ಎಂದು ನನ್ನನ್ನು ಗದರಿದರು. ಅಜ್ಜಿ ಮುಂದುವರಿಸಿದರು. ಅವರ ಮನೆ ಮೇಲೆ ಗ್ರಾಸಾದಲ್ಲಿ. ಎದುರು ಮನೆಯ ಗೋಡೆಗೆ ಹೀಗೆಯೇ ಟೈಲ್ ಇತ್ತು. ಮನೆ ಖಾಲಿ ಬಿದ್ದಿತ್ತು. ಒಂದು ಬೆಳಿಗ್ಗೆ ಬ್ರೆಡ್ ತರಲು ಬಾಗಿಲು ತೆರೆದರೆ ಕೆಳಗಿನ ಸಾಲುಗಳಷ್ಟೂ ಇಲ್ಲ.

"ಇಲ್ಲಿಯವರೆಗೆ," ಎಂದು ಎದ್ದು ನಿಂತು, ಕೈ ಮೇಲೆತ್ತಿ ಗಾಳಿಯಲ್ಲಿ ಗೆರೆ ಎಳೆದು ತೋರಿಸಿದರು. "ಕೈಗೆಟುಕುವಷ್ಟು ಎತ್ತರ. ಅದರ ಮೇಲೆ ಹಾಗೇ ಇದೆ. ಗೋಡೆ ನೋಡಿದರೆ ಕಳ್ಳ ಎಷ್ಟು ಉದ್ದ ಇದ್ದನೆಂದು ಹೇಳಬಹುದು."

ಈ ಮಾತಿಗೆ ಅತ್ತಿಗೆಯ ಕೈ ನಿಂತಿತು.

ಅಜ್ಜಿ ಹೇಳಿದ್ದು ಅವರ ಬೀದಿಯೊಂದರ ಕಥೆಯಲ್ಲ. ಟೈಲ್ ಕಳ್ಳತನ ತಡೆಯಲೆಂದೇ ಅಲ್ಲಿನ ನ್ಯಾಯಿಕ ಪೊಲೀಸರ ವಸ್ತುಸಂಗ್ರಹಾಲಯ 2007ರಲ್ಲಿ ಒಂದು ಯೋಜನೆ ಹುಟ್ಟುಹಾಕಿತು. ಟೈಲ್ ಹೊದ್ದ ಮುಂಗೋಡೆಗಳನ್ನು ಕೆಡವುವುದಕ್ಕೂ ಟೈಲ್ ಕೀಳುವುದಕ್ಕೂ ದೇಶದಾದ್ಯಂತ 2017ರಲ್ಲಿ ಕಾಯಿದೆಯ ಕಡಿವಾಣ ಬಿತ್ತು. ಆದರೆ ಪೆಟ್ಟಿಗೆಯಲ್ಲಿ ಬಿದ್ದ ಟೈಲ್ ತಾನು ಯಾವಾಗ ಗೋಡೆ ಬಿಟ್ಟಿತೆಂದು ಹೇಳುವುದಿಲ್ಲ. ಸಂತೆಯವನದು ನಿಜವಾಗಿಯೂ ಕೆಡವಿದ ಮನೆಯದೇ ಇರಬಹುದು. ಇಲ್ಲದಿರಲೂಬಹುದು.

"ನಿಮಗೆ ಇವನ ಮೇಲೆ ಕೋಪವಿಲ್ಲವೇ?" ಎಂದು ಅಜ್ಜಿಯನ್ನು ಕೇಳಿದೆ, ತಗ್ಗಿದ ದನಿಯಲ್ಲಿ.

"ಇವನ ಮೇಲೇಕೆ? ಮಳೆ ಬಂದರೆ ತನ್ನ ಪ್ಲಾಸ್ಟಿಕ್ ಹಾಳೆಯನ್ನು ನನ್ನ ಬಟ್ಟಲುಗಳಿಗೂ ಹೊದಿಸುತ್ತಾನೆ." ಸ್ವಲ್ಪ ಹೊತ್ತು ಬಟ್ಟಲುಗಳನ್ನು ಸರಿಪಡಿಸುತ್ತಿದ್ದು, "ಹತ್ತು ವರ್ಷ ಮಾತಾಡಿದ್ದೇನೆ. ಎಲ್ಲಿಂದ ತರುತ್ತಾನೆಂದು ಕೇಳಿಲ್ಲ. ಕೇಳಿದರೆ ಆಮೇಲೆ ಮಳೆಗೆ ಏನು ಮಾಡಲಿ?" ಎಂದರು.

"ಹಾಗಾದರೆ ನಾವು ಯಾರ ಹತ್ತಿರ ಕೊಳ್ಳಬೇಕು?" ಅತ್ತಿಗೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ತಿಳಿಯದ ಭಾಷೆಯಲ್ಲಿ ಕೇಳಿದರು. ಅಜ್ಜಿಗೆ ಅರ್ಥವಾಯಿತು.

"ಬದುಕಿರುವವರ ಹತ್ತಿರ. ಮಾಡುವವರು ಇನ್ನೂ ಇದ್ದಾರೆ. ನೀವೆಲ್ಲ ಸತ್ತವರದೇ ಬೇಕು ಎನ್ನುತ್ತೀರಿ."

ಟೈಲಿನವ ನಮ್ಮ ಇಂಗ್ಲಿಷ್ ಪೂರ್ತಿ ಕೇಳಿಸಿಕೊಂಡಿದ್ದನೋ ಏನೋ, 30ಕ್ಕೆ ಇಳಿಸಿದ. ಅತ್ತಿಗೆ ಮೂರು ಟೈಲ್‌ಗಳನ್ನೂ ಒಂದೊಂದಾಗಿ ಪೆಟ್ಟಿಗೆಗೆ ಮರಳಿಸಿದರು. ಆಮೇಲೆ ಅಜ್ಜಿಯ ಹಾಸಿನಿಂದ ಹಿಡಿಯಿಲ್ಲದ ಒಂದು ಕಾಫಿ ಬಟ್ಟಲು ಎತ್ತಿಕೊಂಡು, ಕೇಳಿದಷ್ಟು ಕೊಟ್ಟರು. ಅತ್ತಿಗೆ ಚೌಕಾಸಿ ಮಾಡದೆ ಕೊಂಡದ್ದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ.

ಅಜ್ಜಿ ಹೇಳಿದ ಕಾರ್ಯಾಗಾರ ಎರಡು ಇಳಿಜಾರುಗಳ ಕೆಳಗಿತ್ತು. ಒಳಗೆ ಒಬ್ಬ ಹೆಂಗಸು, ಒಂದು ರೇಡಿಯೊ. ಸುಟ್ಟ ಮಣ್ಣಿನ ಚೌಕಕ್ಕೆ ಬಿಳಿ ಹೊಳಪಿನ ದ್ರಾವಣ ಬಳಿದು ಒಣಗಿಸಿದ್ದರು; ಮುಟ್ಟಿದರೆ ಬೆರಳಿಗೆ ಹಿಟ್ಟಿನಂತೆ ಹತ್ತುತ್ತಿತ್ತು. ಚಿತ್ರದ ಗೆರೆಗುಂಟ ಸೂಜಿಯಿಂದ ಚುಚ್ಚಿದ ಕಾಗದವನ್ನು ಅದರ ಮೇಲಿಟ್ಟು, ಇದ್ದಿಲ ಪುಡಿ ಕಟ್ಟಿದ ಬಟ್ಟೆಯ ಗಂಟಿನಿಂದ ಮೆಲ್ಲನೆ ತಟ್ಟಿದರು. ಕಾಗದ ತೆಗೆದರೆ ಚುಕ್ಕೆ ಚುಕ್ಕೆಯ ದಾಳಿಂಬೆ. ಇಲ್ಲಿಂದ ಮುಂದೆ ಕುಂಚ. ಹೊಳಪಿನ ಪದರ ಬಣ್ಣವನ್ನು ತಕ್ಷಣ ಹೀರಿಕೊಳ್ಳುವುದರಿಂದ ಅಳಿಸಿ ತಿದ್ದುವ ಮಾತಿಲ್ಲ, ಅನುಮಾನಿಸಿ ನಿಂತರೆ ಅಲ್ಲೇ ಒಂದು ಮಚ್ಚೆ. ಬಳಿದದ್ದು ಮಾಸಲು ಬೂದಿ. ಸಾವಿರ ಡಿಗ್ರಿಯ ಆಸುಪಾಸಿನ ಕುಲುಮೆಯಿಂದ ಬಂದಾಗಲೇ ಕೋಬಾಲ್ಟ್ ನೀಲಿಯಾಗುವುದು. ಆಕೆ ನಮ್ಮೊಂದಿಗೆ ಮಾತಾಡಲಿಲ್ಲ. ಗೆರೆ ಎಳೆಯುವಾಗ ಉಸಿರು ಹಿಡಿಯುತ್ತಿದ್ದರು, ಗೆರೆ ಮುಗಿದಾಗ ಬಿಡುತ್ತಿದ್ದರು. ನಾವೂ ಹಾಗೆಯೇ ಮಾಡುತ್ತಿದ್ದೇವೆಂದು ಆಮೇಲೆ ಅರಿವಾಯಿತು.

ಸುಟ್ಟು ಸಿದ್ಧವಿದ್ದ ದಾಳಿಂಬೆಯೊಂದನ್ನು ಅತ್ತಿಗೆ ಆರಿಸಿದರು. ಬೆಲೆ ಸಂತೆಯ ನಾಲ್ಕು ಟೈಲ್‌ಗಳಿಗಿಂತ ಹೆಚ್ಚು. ಕಾಗದ, ಮೇಲೆ ರಟ್ಟು, ಅದರ ಮೇಲೆ ನನ್ನ ಸ್ವೆಟರ್ ಸುತ್ತಿ ಕೈಚೀಲದಲ್ಲೇ ತಂದೆವು.

ಉಳಿದ ಖರೀದಿ ಬೇಗ ಮುಗಿಯಿತು. ರುವಾ ದುಸ್ ಬಕಲ್ಯೋಯ್ರುಸ್ ಬೀದಿಯಲ್ಲಿ 1930ರ ಡಬ್ಬಿಮೀನಿನ ಅಂಗಡಿಯಿದೆ. ಮೀನು ತಿನ್ನದ ನಾನು ಅಲ್ಲಿ ಅರ್ಧ ತಾಸು ನಿಂತದ್ದು ಡಬ್ಬಿಗಳನ್ನು ಕಾಗದದಲ್ಲಿ ಸುತ್ತಿ ದಾರ ಕಟ್ಟುವ ಕೈಗಳನ್ನು ನೋಡಲು. ಹುಟ್ಟಿದ ವರ್ಷ ಅಚ್ಚಾದ ಡಬ್ಬಿಗಳನ್ನು ಸರ್ಕಸ್ ದೀಪಗಳ ಕೆಳಗೆ ಮಾರುವ ಅಂಗಡಿಗಳಿಗೆ ಹೋಗುವ ಬದಲು ಇಲ್ಲಿಗೆ ಹೋಗಿ. ಶಿಯಾದುವಿನ ಬೆರ್ತ್ರಾಂದ್ ಪುಸ್ತಕದಂಗಡಿ 1732ರದು. ಕೊಂಡ ಪುಸ್ತಕಕ್ಕೆ, ಜಗತ್ತಿನಲ್ಲಿ ಇನ್ನೂ ನಡೆಯುತ್ತಿರುವ ಅತಿ ಹಳೆಯ ಪುಸ್ತಕದಂಗಡಿಯದು ಎಂಬ ಮುದ್ರೆ ಒತ್ತಿಕೊಡುತ್ತಾರೆ. ಕೇಳಿ ಒತ್ತಿಸಿಕೊಳ್ಳಿ. ಮಕ್ಕಳಿಗೆ ಬಣ್ಣದ ಹಾಳೆ ಸುತ್ತಿದ ಸಾರ್ಡೀನ್ ಆಕಾರದ ಚಾಕೊಲೇಟ್ ಸಾಕಾಯಿತು.

ದಾಳಿಂಬೆ ಈಗ ಅತ್ತಿಗೆಯ ಊಟದ ಕೋಣೆಯಲ್ಲಿದೆ. ಬಂದವರು ಎಷ್ಟಾಯಿತೆಂದು ಕೇಳಿದರೆ ಅವರು ನಿಜವಾದ ಬೆಲೆ ಹೇಳುವುದಿಲ್ಲ, ಅರ್ಧ ಮಾಡಿ ಹೇಳುತ್ತಾರೆ. ಅಷ್ಟಕ್ಕೂ ಜಾಸ್ತಿಯಾಯಿತು ಎನ್ನುವವರಿಗೆ ಬೈಶಾದ ಆ ಅಂಗಡಿಗೆ ಹೋಗುವ ದಾರಿಯನ್ನು ವಿವರವಾಗಿ ತಿಳಿಸುತ್ತಾರೆ.